ಪ್ಯಾನಿಕ್ ಅಟ್ಯಾಕ್: ಹೈಸ್ಕೂಲು, ಪಿಯುಸಿ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು, ಡಾಕ್ಟರ್ ಅಲ್ಲ. ಆದರೆ ಹದಿನೇಳನೇ ವಯಸ್ಸಿನಲ್ಲಿ ನನಗೇ ಪ್ಯಾನಿಕ್ ಅಟ್ಯಾಕ್ ಬರುತ್ತಿತ್ತು. ಇದನ್ನು ನಾನು ಕ್ಲಾಸಿನಲ್ಲಿ ಮುಚ್ಚಿಟ್ಟಿಲ್ಲ. ಹಾಗಾಗಿ ಸ್ಟಾಫ್ ರೂಮಿನ ಬಾಗಿಲ ಹತ್ತಿರ ನಿಂತು "ಮೇಡಂ, ಒಂದು ಪರ್ಸನಲ್ ವಿಷಯ" ಅಂತ ಶುರುಮಾಡುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ಅವರು ಕೇಳಿದ್ದನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ಈ ಕ್ಷಣವೇ ಎದೆ ಹೊಡೆದುಕೊಳ್ಳುತ್ತಾ ಇದನ್ನು ಓದುತ್ತಿದ್ದರೆ ಉಳಿದದ್ದೆಲ್ಲ ಬಿಡಿ, "ಬಂದೇಬಿಟ್ಟರೆ ಏನು ಮಾಡಲಿ?" ಅನ್ನುವ ಪ್ರಶ್ನೆಗೆ ಹೋಗಿ.

ಪ್ಯಾನಿಕ್ ಅಟ್ಯಾಕ್ ಅಂದ್ರೆ ಏನು? ಪರೀಕ್ಷೆ ಟೆನ್ಷನ್‌ಗೆ ಹೊಸ ಹೆಸರಾ?

ಅಲ್ಲ. ಟೆನ್ಷನ್ ನಿಧಾನಕ್ಕೆ ಏರುತ್ತದೆ. ನಾಳೆ ಗಣಿತ ಪೇಪರ್ ಅಂದರೆ ಇವತ್ತು ಬೆಳಿಗ್ಗೆಯಿಂದಲೇ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗೆ ಆಗುತ್ತಿರುತ್ತದೆ, ಬರೆದು ಹೊರಗೆ ಬಂದ ಮೇಲೆ ಇಳಿಯುತ್ತದೆ. ಪ್ಯಾನಿಕ್ ಅಟ್ಯಾಕ್ ಒಮ್ಮೆಲೇ ಮೈಮೇಲೆ ಎರಗುತ್ತದೆ. ಸುಮ್ನೆ ಟಿವಿ ನೋಡುತ್ತಾ ಕೂತವರಿಗೂ ಬರಬಹುದು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಅಲ್ಲಿಂದ ಇಳಿಯಲು ಶುರುವಾಗುತ್ತದೆ. ಹೆಚ್ಚಿನವರಿಗೆ 20–30 ನಿಮಿಷದಲ್ಲಿ ಕಳೆದುಹೋಗಿರುತ್ತದೆ. ಆಮೇಲೆ ಒಂದಷ್ಟು ಹೊತ್ತು ಮೈಯೆಲ್ಲ ಹಿಂಡಿದಂಥ ಸುಸ್ತು ಇರುತ್ತದೆ.

ಒಳಗೆ ನಡೆಯುವುದು ಇಷ್ಟು. ಕಾಲ ಬಳಿ ಹಾವು ಕಂಡರೆ ಯೋಚಿಸುವ ಮೊದಲೇ ಮೈ ಹಾರುತ್ತದಲ್ಲ? ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ರಕ್ತಕ್ಕೆ ಅಡ್ರಿನಲಿನ್ ಸುರಿಯುತ್ತದೆ. ಎದೆ ಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ, ರಕ್ತ ಕೈಕಾಲಿನ ಸ್ನಾಯುಗಳ ಕಡೆ ಓಡುತ್ತದೆ. ಪ್ಯಾನಿಕ್ ಅಟ್ಯಾಕಿನಲ್ಲಿ ಆಗುವುದೂ ಇದೇ. ಹಾವು ಮಾತ್ರ ಇರುವುದಿಲ್ಲ.

ಬಂದಿರುವುದು ಅದೇ ಅಂತ ಹೇಗೆ ಗುರುತು ಹಿಡಿಯುವುದು?

ನನಗೆ ಬಂದ ಮೊದಲ ಸಲದ್ದನ್ನೇ ಹೇಳುತ್ತೇನೆ. ಹಾಸನದ ಕಡೆಯ ಬಸ್ಸು, ಜುಲೈ ತಿಂಗಳು, ಮಳೆ ಅಂತ ಕಿಟಕಿ ಎಲ್ಲ ಮುಚ್ಚಿದ್ದರು. ನಿಂತವರ ಮಧ್ಯೆ ನಾನು. ಒದ್ದೆ ಛತ್ರಿಗಳ ವಾಸನೆ. ಇದ್ದಕ್ಕಿದ್ದ ಹಾಗೆ ಎದೆ ಡಬಡಬ ಅನ್ನಲು ಶುರುವಾಯಿತು. ಗಾಳಿ ಸಾಲದು ಅನ್ನಿಸಿತು. ಅಂಗೈ ಬೆವರಿ ಮೇಲಿನ ಕಂಬಿ ಜಾರತೊಡಗಿತು. ಕೈ ಜುಮ್ಮೆಂದಿತು. ಪಕ್ಕದವರ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳಿಸಿತು. "ನಾನು ಸತ್ತುಹೋಗ್ತಿದ್ದೀನಿ, ಈ ಜನದ ಮಧ್ಯೆಯೇ" ಅನ್ನಿಸಿತು. ಅನ್ನಿಸಿದ್ದು ಅಂತ ಈಗ ಹೇಳುತ್ತೇನೆ, ಆಗ ಅದು ಖಾತ್ರಿಯಾಗಿತ್ತು.

ಹೆಚ್ಚುಕಮ್ಮಿ ಎಲ್ಲ ಲಕ್ಷಣ ಇದರಲ್ಲೇ ಬಂತು. ಇನ್ನು ಕೆಲವರಿಗೆ ಗಂಟಲು ಕಟ್ಟಿದಂತಾಗುತ್ತದೆ, ಹೊಟ್ಟೆ ತೊಳಸುತ್ತದೆ, ಚಳಿ ಬಂದ ಹಾಗೆ ನಡುಗುತ್ತದೆ, ಎದೆ ನೋಯುತ್ತದೆ. ಕನ್ನಡಿಯಲ್ಲಿ ಕಾಣುವ ಮುಖ ತನ್ನದಲ್ಲ ಅನ್ನಿಸಿ "ನನಗೆ ಹುಚ್ಚು ಹಿಡಿಯುತ್ತಿದೆ" ಅಂತ ಹೆದರುವವರೂ ಇದ್ದಾರೆ. ಹುಚ್ಚು ಹಿಡಿಯುವುದಿಲ್ಲ. ಡಾಕ್ಟರುಗಳು ಇಂಥ 13 ಲಕ್ಷಣಗಳ ಪಟ್ಟಿ ಇಟ್ಟುಕೊಂಡಿದ್ದಾರೆ. ಅದರಲ್ಲಿ ನಾಲ್ಕಾದರೂ ಒಟ್ಟಿಗೆ, ದಿಢೀರ್ ಅಂತ ಬಂದರೆ ಅದನ್ನು ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ.

ಹಾರ್ಟ್ ಅಟ್ಯಾಕ್ ಅಲ್ಲ ಅಂತ ಹೇಗೆ ನಂಬಲಿ?

ಹದಿನೈದು, ಹದಿನಾರರ ವಯಸ್ಸಿನಲ್ಲಿ ಹೃದಯಾಘಾತ ತೀರಾ ಅಪರೂಪ. ಆದರೂ ಮೊದಲ ಸಲ ಬಂದಾಗ ನೀವೇ ತೀರ್ಮಾನ ಮಾಡಿಕೊಳ್ಳಬೇಡಿ, ಒಮ್ಮೆ ಡಾಕ್ಟರ್ ಹತ್ತಿರ ಹೋಗಿ. ಥೈರಾಯ್ಡ್ ಜಾಸ್ತಿಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ರಕ್ತಹೀನತೆ, ಆಸ್ತಮಾ, ಹೃದಯದ ಲಯ ತಪ್ಪುವುದು, ಇವೂ ಇದೇ ವೇಷ ಹಾಕುತ್ತವೆ. ಒಂದು ಇಸಿಜಿ, ಒಂದೆರಡು ರಕ್ತಪರೀಕ್ಷೆ ಮಾಡಿಸಿದರೆ ಸಾಕಷ್ಟು ಗೊತ್ತಾಗುತ್ತದೆ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳೂ ಇವೆ. ಓಡುವಾಗ, ಆಡುವಾಗ ಎದೆ ನೋವು ಬಂದರೆ. ಆಡುತ್ತಲೇ ಎಚ್ಚರ ತಪ್ಪಿ ಬಿದ್ದರೆ. ತುಟಿ ನೀಲಿಯಾದರೆ, ಉಸಿರಿನಲ್ಲಿ ಸುಂಯ್ ಅನ್ನುವ ಸದ್ದಿದ್ದರೆ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ ಅದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ.

ಒಮ್ಮೆ ಪರೀಕ್ಷೆ ಮಾಡಿಸಿ "ಏನೂ ಇಲ್ಲ" ಅಂದ ಮೇಲೆ ಅದೇ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿಸುತ್ತಾ ಕೂರಬೇಡಿ. ಇಸಿಜಿ ಕೊಡುವ ಧೈರ್ಯ ಎರಡು ದಿನ ಬಾಳುತ್ತದೆ, ಅಷ್ಟೇ.

ಕೈಬೆರಳು ಸೆಟೆದುಕೊಂಡು ಬಿಡ್ತವೆ. ಇದು ಫಿಟ್ಸಾ?

ಇದು ನನ್ನ ಇಷ್ಟದ ಪ್ರಶ್ನೆ, ಸ್ವಲ್ಪ ಉದ್ದ ಹೇಳುತ್ತೇನೆ. ಅವತ್ತು ಕಂಡಕ್ಟರ್ ಸೀಟಿ ಊದಿ ಬಸ್ ನಿಲ್ಲಿಸಿದರು. ನನ್ನನ್ನು ಇಳಿಸಿ ಒಂದು ಚಹದಂಗಡಿಯ ಬೆಂಚಿನ ಮೇಲೆ ಕೂರಿಸಿದರು. ನನ್ನ ಬೆರಳುಗಳು ಬಾಳೆಯ ಮೊಗ್ಗಿನ ಹಾಗೆ ಕೂಡಿಕೊಂಡು ಮಣಿಕಟ್ಟಿನ ಕಡೆ ಬಗ್ಗಿದ್ದವು. ಬಿಡಿಸಿದರೆ ಬಿಡಿಸಲಾಗುತ್ತಿರಲಿಲ್ಲ. ಅಂಗಡಿಯ ಅಮ್ಮ "ಅಯ್ಯೋ, ಫಿಟ್ಸು!" ಅಂತ ತನ್ನ ಸೊಂಟದ ಬೀಗದ ಕೈ ಗೊಂಚಲು ಬಿಚ್ಚಿ ನನ್ನ ಅಂಗೈಗೆ ಒತ್ತಿದರು. ಕೀಲಿಯ ತಣ್ಣನೆಯ ಕಬ್ಬಿಣ ಈಗಲೂ ನೆನಪಿದೆ. ಐದಾರು ನಿಮಿಷದಲ್ಲಿ ಬೆರಳು ಸಡಿಲವಾಯಿತು. ಕೀಲಿಯಿಂದ ಆಯಿತು ಅಂತ ಅಲ್ಲಿದ್ದವರೆಲ್ಲ ನಂಬಿದರು.

ಆಗಿದ್ದು ಬೇರೆ. ಗಾಬರಿಯಲ್ಲಿ ನಾವು ಬೇಕಾದ್ದಕ್ಕಿಂತ ಜಾಸ್ತಿ, ಜೋರಾಗಿ ಉಸಿರಾಡುತ್ತೇವೆ. ಆಗ ಕಾರ್ಬನ್ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚು ಹೊರಗೆ ಹೋಗುತ್ತದೆ. ಕ್ಲಾಸಿನಲ್ಲಿ ಅದನ್ನು ಬರೀ ಕಸ ಅಂತ ಓದಿಸುತ್ತೇವೆ, ಅದು ನಮ್ಮದೇ ತಪ್ಪು. ರಕ್ತದ ಆಮ್ಲ-ಕ್ಷಾರದ ಹದ ಕಾಯುವುದು ಅದೇ. ಅದು ಕಮ್ಮಿಯಾದರೆ ರಕ್ತ ಸ್ವಲ್ಪ ಕ್ಷಾರದ ಕಡೆ ವಾಲುತ್ತದೆ, ರಕ್ತದಲ್ಲಿ ಬಿಡಿಯಾಗಿ ತೇಲುವ ಕ್ಯಾಲ್ಸಿಯಂ ಅಯಾನುಗಳು ಇಳಿಯುತ್ತವೆ. ನರಗಳು ಸಣ್ಣದಕ್ಕೂ ಬೆಚ್ಚತೊಡಗುತ್ತವೆ. ಮೊದಲು ತುಟಿ, ಬೆರಳ ತುದಿ ಜುಮ್ಮೆನ್ನುತ್ತದೆ, ಆಮೇಲೆ ಬೆರಳು ಸೆಟೆಯುತ್ತದೆ. ಮಿದುಳಿಗೆ ಹೋಗುವ ರಕ್ತನಾಳಗಳೂ ಸಣ್ಣಗಾಗುತ್ತವೆ, ಅದಕ್ಕೇ ತಲೆ ತೇಲಿದ ಹಾಗಾಗುವುದು. ಉಸಿರು ಸಾಲದು ಅನ್ನಿಸುತ್ತದೆ, ಆದರೆ ಮೈಯಲ್ಲಿ ಆಮ್ಲಜನಕ ಬೇಕಾದಷ್ಟಿರುತ್ತದೆ. ಉಸಿರು ನಿಧಾನವಾದ ಕೂಡಲೇ ಎಲ್ಲ ತನ್ನ ಪಾಡಿಗೆ ಸರಿಹೋಗುತ್ತದೆ. ನನಗೂ ಹಾಗೇ ಆಗಿದ್ದು, ಹೆಸರು ಮಾತ್ರ ಕೀಲಿಗೆ ಬಂತು. (ಫಿಟ್ಸ್ ಬಂದವರಿಗೂ ಕಬ್ಬಿಣ ಕೊಟ್ಟು ಉಪಯೋಗವಿಲ್ಲ. ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ.)

ಬಂದೇಬಿಟ್ಟರೆ ಏನು ಮಾಡಲಿ?

ಮೊದಲು ಹೆಸರು ಹೇಳಿ. "ಇದು ಪ್ಯಾನಿಕ್ ಅಟ್ಯಾಕ್. ಹಿಂದೆಯೂ ಬಂದಿತ್ತು, ಹೋಗಿತ್ತು." ಮನಸ್ಸಿನಲ್ಲಿ ಹೇಳಿದರೂ ಸಾಕು.

ಆಮೇಲೆ ಉಸಿರು. ಇಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. "ದೀರ್ಘವಾಗಿ ಉಸಿರು ಎಳ್ಕೋ" ಅಂತ ಪಕ್ಕದವರು ಹೇಳುತ್ತಾರೆ, ನೀವು ಇನ್ನೂ ಜೋರಾಗಿ ಎಳೆಯುತ್ತೀರಿ, ತಲೆ ಇನ್ನೂ ಸುತ್ತುತ್ತದೆ. ಗಮನ ಬಿಡುವ ಉಸಿರಿನ ಮೇಲಿರಲಿ. ಮೂಗಿನಿಂದ ಮೆಲ್ಲಗೆ ನಾಲ್ಕು ಎಣಿಸುವಷ್ಟು ತೆಗೆದುಕೊಳ್ಳಿ, ಬಿಸಿ ಕಾಫಿ ಆರಿಸುವ ಹಾಗೆ ತುಟಿ ಸಣ್ಣಗೆ ಮಾಡಿ ಆರು ಎಣಿಸುವಷ್ಟು ಬಿಡಿ. ಎಣಿಕೆ ತಪ್ಪಿದರೆ ತಪ್ಪಲಿ. ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಳ್ಳಿ, ಎದೆಗಿಂತ ಹೊಟ್ಟೆ ಏಳಬೇಕು. ಇದನ್ನು ಗಾಬರಿ ಇಲ್ಲದ ದಿನ, ರಾತ್ರಿ ಮಲಗುವ ಮುಂಚೆ ಐದು ನಿಮಿಷ ರೂಢಿ ಮಾಡಿಕೊಂಡಿರಿ. ಈಜು ಕಲಿಯುವುದು ಪ್ರವಾಹ ಬಂದ ದಿನ ಅಲ್ಲ, ಅಲ್ವಾ?

ಕಣ್ಣಿಗೂ ಕೈಗೂ ಕೆಲಸ ಕೊಡಿ. ಕಾಣುವ ಐದು ವಸ್ತು, ಮುಟ್ಟಲು ಸಿಗುವ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ. ನನ್ನ ಒಬ್ಬ ವಿದ್ಯಾರ್ಥಿಗೆ ಇದು ಹಿಡಿಸಲಿಲ್ಲ. ಅವನು ಬಸ್ಸಿನ ದಾರಿಯ ಊರುಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿಕೊಳ್ಳುತ್ತಾನೆ. ಅದೂ ನಡೆಯುತ್ತದೆ. ಮುಖಕ್ಕೆ ತಣ್ಣೀರು ಎರಚಿಕೊಳ್ಳುವುದು, ಎರಡೂ ಪಾದ ನೆಲಕ್ಕೆ ಒತ್ತಿ ಹಿಡಿಯುವುದು, ಇವೂ ಕೆಲವರಿಗೆ ಆಗಿಬರುತ್ತವೆ.

ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು: ಸಾಧ್ಯವಾದರೆ ಇದ್ದಲ್ಲೇ ಇರಿ. ಅದರ ಜೊತೆ ಗುದ್ದಾಡಬೇಡಿ. "ಬಂದಿದ್ದೀಯಾ, ಕೂತ್ಕೋ" ಅನ್ನಿ. ಬೇಡದ ನೆಂಟರು ಎಷ್ಟು ಹೊತ್ತು ಅಂತ ಇದ್ದಾರು?

ಕಾಗದದ ಚೀಲದಲ್ಲಿ ಉಸಿರಾಡಬೇಕಾ? ಸಿನಿಮಾದಲ್ಲಿ ತೋರಿಸ್ತಾರಲ್ಲ.

ಬೇಡ. ಆಗಿರುವುದು ಆಸ್ತಮಾ ಅಥವಾ ಹೃದಯದ ತೊಂದರೆಯಾಗಿದ್ದರೆ ಅದು ಅಪಾಯ. ಈಗ ಡಾಕ್ಟರುಗಳು ಅದನ್ನು ಹೇಳುವುದಿಲ್ಲ.

ತಲೆ ಸುತ್ತುತ್ತೆ. ಎಚ್ಚರ ತಪ್ಪಿ ಬೀಳ್ತೀನಾ?

ಬೀಳುವುದು ಅಪರೂಪ. ಎಚ್ಚರ ತಪ್ಪುವುದು ಸಾಮಾನ್ಯವಾಗಿ ಬಿಪಿ ಇಳಿದಾಗ. ಗಾಬರಿಯಲ್ಲಿ ಬಿಪಿ ಏರುತ್ತದೆ. ರಕ್ತ, ಸೂಜಿ ನೋಡಿದರೆ ಬೀಳುವವರ ಲೆಕ್ಕ ಬೇರೆ, ಅವರಿಗೆ ಬಿಪಿ ನಿಜವಾಗಿ ಇಳಿಯುತ್ತದೆ.

ನಿದ್ದೆಯಲ್ಲಿದ್ದಾಗಲೂ ಬಂತು. ಕೆಟ್ಟ ಕನಸೂ ಬಿದ್ದಿರಲಿಲ್ಲ. ಹಾಗೂ ಆಗುತ್ತಾ?

ಆಗುತ್ತದೆ. ರಾತ್ರಿ ಎರಡು ಗಂಟೆಗೆ ದಡಕ್ಕನೆ ಎದ್ದು ಕೂತು ಕಿಟಕಿ ತೆಗೆಯುವವರು ಎಷ್ಟೋ ಜನ. ದೀಪ ಹಾಕಿ, ಎದ್ದು ನಾಲ್ಕು ಹೆಜ್ಜೆ ಓಡಾಡಿ, ಉಸಿರು ನಿಧಾನ ಮಾಡಿ. ಮೊಬೈಲ್ ಹಿಡಿದು ಲಕ್ಷಣ ಹುಡುಕಬೇಡಿ. ರಾತ್ರಿ ಎರಡು ಗಂಟೆಗೆ ಹುಡುಕಿದವರಿಗೆ ದೊಡ್ಡ ಕಾಯಿಲೆಯೇ ಸಿಗುವುದು.

ಬಸ್ಸಲ್ಲಿ ಬಂತು, ಅದಕ್ಕೆ ಬಸ್ ಹತ್ತೋದೇ ಬಿಟ್ಟಿದ್ದೀನಿ. ತಪ್ಪಾ?

ತಪ್ಪಲ್ಲ, ಆದರೆ ಹಳ್ಳ ಇರುವುದು ಇಲ್ಲೇ. ಅಟ್ಯಾಕ್ ಅರ್ಧ ಗಂಟೆಯದು. "ಮತ್ತೆ ಬಂದರೆ?" ಅನ್ನುವ ಭಯ ದಿನವಿಡೀ ಇರುತ್ತದೆ. ನಾನು ಬಸ್ ಬಿಟ್ಟೆ, ಅಪ್ಪನ ಸ್ಕೂಟರ್ ಹಿಡಿದೆ. ಆಮೇಲೆ ಥಿಯೇಟರ್ ಬಿಟ್ಟೆ. ಮದುವೆ ಮನೆಗಳನ್ನು ಬಿಟ್ಟೆ. ಕ್ಲಾಸಿನಲ್ಲಿ ಬಾಗಿಲ ಪಕ್ಕದ ಬೆಂಚು ಬೇಕೇಬೇಕು ಅಂತ ಗೆಳತಿಯ ಜೊತೆ ಜಗಳವಾಡಿದೆ. ಎಂಟು ತಿಂಗಳಲ್ಲಿ ನನ್ನ ಪ್ರಪಂಚ ಮನೆ, ಕಾಲೇಜು, ಸ್ಕೂಟರಿನ ಹಿಂದಿನ ಸೀಟು ಅಷ್ಟಕ್ಕೆ ಬಂದು ನಿಂತಿತ್ತು. ಪ್ರತಿ ಸಲ ತಪ್ಪಿಸಿಕೊಂಡಾಗಲೂ ಮನಸ್ಸು "ನೋಡು, ಹೋಗದೆ ಇದ್ದದ್ದಕ್ಕೇ ಬದುಕಿದೆ" ಅಂತ ಪಾಠ ಕಲಿಯುತ್ತದೆ. ಆ ಪಾಠವನ್ನು ಅಳಿಸಬೇಕು.

ನನಗೆ ಕೌನ್ಸೆಲರ್ ಮಾಡಿಸಿದ್ದು ಹೀಗೆ. ಮೊದಲ ವಾರ ಬಸ್ ನಿಲ್ದಾಣಕ್ಕೆ ಹೋಗಿ ಸುಮ್ನೆ ಕೂತು ಬರುವುದು. ಎರಡನೇ ವಾರ, ನಿಂತಿರುವ ಖಾಲಿ ಬಸ್ಸು ಹತ್ತಿ ಹತ್ತು ನಿಮಿಷ ಕೂರುವುದು. ಆಮೇಲೆ ಅಮ್ಮನ ಜೊತೆ ಒಂದು ಸ್ಟಾಪು. ಆಮೇಲೆ ಒಬ್ಬಳೇ ಒಂದು ಸ್ಟಾಪು. ಗಾಬರಿ ಬಂದರೆ ಅದು ಇಳಿಯುವವರೆಗೂ ನಾನು ಇಳಿಯಕೂಡದು, ಅದೊಂದೇ ಷರತ್ತು. ಒಂದೇ ಸ್ಟಾಪಿಗೆ ಟಿಕೆಟ್ ಕೇಳಿದಾಗ ಕಂಡಕ್ಟರ್ "ನಡ್ಕೊಂಡೇ ಹೋಗಬಹುದಿತ್ತಲ್ಲಮ್ಮ" ಅಂದರು. ಹೌದು, ಹೋಗಬಹುದಿತ್ತು.

ಪರೀಕ್ಷಾ ಹಾಲಿನಲ್ಲೇ ಬಂದರೆ?

ಪೆನ್ನು ಕೆಳಗಿಡಿ. ಐದು ನಿಮಿಷ ಬರೆಯಬೇಡಿ. ನೀರು ಕುಡಿಯಿರಿ, ಉಸಿರು ಎಣಿಸಿ. ಮೂರು ಗಂಟೆಯ ಪರೀಕ್ಷೆಯಲ್ಲಿ ಐದು ನಿಮಿಷ ಹೋದರೆ ಏನೂ ಹಾಳಾಗುವುದಿಲ್ಲ. ಆಮೇಲೆ ಗೊತ್ತಿರುವ ಒಂದು ಅಂಕದ ಪ್ರಶ್ನೆಯಿಂದ ಶುರುಮಾಡಿ, ಕೈಗೆ ಬರೆಯುವ ಲಯ ಸಿಕ್ಕರೆ ತಲೆ ಹಿಂದೆಯೇ ಬರುತ್ತದೆ. ಮೊದಲೇ ಒಬ್ಬ ಮೇಷ್ಟ್ರಿಗೋ ಮೇಡಂಗೋ ಹೇಳಿಟ್ಟಿರಿ. ಒಂದು ವೇಳೆ ಪೇಪರ್ ಕೆಟ್ಟೇಹೋಯಿತು ಅನ್ನಿ. ಕರ್ನಾಟಕದಲ್ಲಿ 2024ರಿಂದ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಪರೀಕ್ಷೆ-1, ಪರೀಕ್ಷೆ-2 ಅಂತ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಬಂದಿದೆ. ನಮ್ಮ ಕಾಲದಲ್ಲಿ ಇದಿರಲಿಲ್ಲ, ಹೊಟ್ಟೆಕಿಚ್ಚಾಗುತ್ತದೆ.

ರಾತ್ರಿ ಓದೋಕೆ ಕಾಫಿ, ಎನರ್ಜಿ ಡ್ರಿಂಕ್ ಕುಡೀತೀನಿ. ಅದರಿಂದಲೂ ಬರುತ್ತಾ?

ಬರುವ ಮೈ ಇದ್ದವರಿಗೆ ಕೆಫೀನ್ ಬೆಂಕಿಗೆ ತುಪ್ಪ. ಎನರ್ಜಿ ಡ್ರಿಂಕ್ ಡಬ್ಬಿಯ ಮೇಲೆ ಮಕ್ಕಳಿಗಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದೇ ಇರುತ್ತಾರೆ, ಓದಿ ನೋಡಿ. ಮನೆಯ ಕಾಫಿ ಬೆಳಿಗ್ಗೆ ಒಂದು ಲೋಟ ಇರಲಿ, ನಾನೂ ಬಿಟ್ಟಿಲ್ಲ. ನಿದ್ದೆಗೆಡುವುದು, ತಿಂಡಿ ಬಿಡುವುದು, ಸಿಗರೇಟು ಇವೂ ಇದನ್ನು ಕೆಣಕುತ್ತವೆ.

ಮನೆಯಲ್ಲಿ ನಾಟಕ ಅಂತಾರೆ. ಅಜ್ಜಿ ದೃಷ್ಟಿ ತೆಗೀತಾರೆ. ಹೇಗೆ ಹೇಳಲಿ?

ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಹಾಕಲಿ ಬಿಡಿ, ಅದು ಅವರ ಪ್ರೀತಿ. ನನಗೂ ಹಾಕಿಸಿದ್ದರು, ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದ್ದೆವು. ಆದರೆ ಮೈಮೇಲೆ ಏನೋ ಬಂದಿದೆ ಅಂತ ಹೊಡೆಯುವವರ, ಹೊಗೆ ಹಾಕುವವರ ಹತ್ತಿರ ಕರೆದುಕೊಂಡು ಹೋಗಲು ಹೊರಟರೆ ಒಪ್ಪಬೇಡಿ. ನೀವು ನಂಬುವ ಯಾರಾದರೂ ದೊಡ್ಡವರಿಗೆ ಹೇಳಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಅಪ್ಪ ಅಮ್ಮನಿಗೆ ಅಟ್ಯಾಕ್ ಬಂದ ಹೊತ್ತಿನಲ್ಲಿ ಹೇಳಲು ಹೋಗಬೇಡಿ, ಅವರೂ ಗಾಬರಿಯಲ್ಲಿರುತ್ತಾರೆ. ಸಂಜೆ ಸೊಪ್ಪು ಬಿಡಿಸುವಾಗಲೋ ಗಾಡಿಯಲ್ಲಿ ಹಿಂದೆ ಕೂತಾಗಲೋ ಹೇಳಿ, ಮುಖ ನೋಡದೆ ಹೇಳುವುದು ಸುಲಭ. "ನನಗೆ ಡಿಪ್ರೆಶನ್ನು, ಆಂಗ್ಸೈಟಿ" ಅಂತ ಹೆಸರುಗಳಿಂದ ಶುರುಮಾಡಿದರೆ "ಎಲ್ಲ ಮೊಬೈಲ್ ನೋಡಿ ಕಲಿತದ್ದು" ಅನ್ನುತ್ತಾರೆ. ಆದದ್ದನ್ನೇ ಹೇಳಿ: "ಅಮ್ಮ, ತಿಂಗಳಲ್ಲಿ ಮೂರು ಸಲ ಎದೆ ಹೊಡ್ಕೊಂಡು, ಕೈ ನಡುಗಿ, ಉಸಿರು ಸಿಕ್ಕಿಲ್ಲ. ಡಾಕ್ಟರಿಗೆ ತೋರಿಸೋಣ." ಇದಕ್ಕೆ ಇಲ್ಲ ಅನ್ನುವ ಅಮ್ಮಂದಿರು ಕಮ್ಮಿ.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರಿಗೆ ಒಂದೇ ಮಾತು. ನಾಟಕವಾಡಿ ಬೆರಳು ಹಾಗೆ ಸೆಟೆಯಿಸಿಕೊಳ್ಳಲು ಆಗುವುದಿಲ್ಲ.

ಫ್ರೆಂಡಿಗೆ ಬಂದರೆ ನಾನೇನು ಮಾಡಲಿ?

ಗುಂಪು ಚದುರಿಸಿ. ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿ. "ಏನಾಗಲ್ಲ ಬಿಡು, ಸ್ಟ್ರಾಂಗ್ ಆಗಿರು" ಬೇಡ. "ನಾನಿಲ್ಲೇ ಇದ್ದೀನಿ, ಹೋಗುತ್ತೆ, ನನ್ನ ಜೊತೆ ಉಸಿರು ಬಿಡು" ಸಾಕು. ಮುಟ್ಟುವ ಮುಂಚೆ ಕೇಳಿ. ವಿಡಿಯೊ ಮಾಡುವವರ ಫೋನು ಕೆಳಗಿಳಿಸಿ. ಅರ್ಧ ಗಂಟೆಯಾದರೂ ಇಳಿಯದಿದ್ದರೆ, ಅಥವಾ ಇದು ಮೊದಲ ಸಲವಾದರೆ, ದೊಡ್ಡವರನ್ನು ಕರೆಯಿರಿ.

ಯಾರ ಹತ್ತಿರ ಹೋಗಬೇಕು? ದುಡ್ಡು ಜಾಸ್ತಿ ಆಗುತ್ತಾ?

ದುಡ್ಡಿಲ್ಲದೆಯೂ ಶುರುಮಾಡಬಹುದು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾಯಿತು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮ ಊರಿಗೆ ಯಾವ ಮಂಗಳವಾರ ಅಂತ ಆಶಾ ಅಕ್ಕನನ್ನು ಕೇಳಿ. ಹದಿಹರೆಯದವರಿಗೆ ಅಂತಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆ ಪ್ರತ್ಯೇಕ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ.

ಒಂದೇ ಒಂದು ಸಲ ಬಂದು ಹೋಗಿದ್ದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಪದೇ ಪದೇ ಬರುತ್ತಿದ್ದರೆ, ಅದರ ಚಿಂತೆಯೇ ಒಂದು ತಿಂಗಳಿಂದ ತಲೆ ತಿನ್ನುತ್ತಿದ್ದರೆ, ಜಾಗಗಳನ್ನು ಬಿಡಲು ಶುರುಮಾಡಿದ್ದರೆ ಹೋಗಲೇಬೇಕು. ಇದರ ಜೊತೆ ಬದುಕೇ ಬೇಡ ಅನ್ನಿಸುತ್ತಿದ್ದರೆ ಮುಂದೂಡಬೇಡಿ. ಇವತ್ತೇ ಒಬ್ಬರಿಗೆ ಹೇಳಿ, ಇಲ್ಲವೇ ಈಗಲೇ 14416ಕ್ಕೆ ಫೋನ್ ಮಾಡಿ. ತುರ್ತಾಗಿದ್ದರೆ 112.

ಮಾತ್ರೆ ಶುರುಮಾಡಿದರೆ ಬಿಡೋಕಾಗಲ್ಲವಂತೆ, ನಿಜಾನಾ?

ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಮೇಲೆ ಹೇಳಿದ ಬಸ್ಸಿನ ಕಥೆ ಇದೆಯಲ್ಲ, ಅದು ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಯ ಒಂದು ಭಾಗ. ಪ್ಯಾನಿಕ್‌ಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮಾತ್ರೆ ಬೇಕು ಅಂದರೆ ಸಾಮಾನ್ಯವಾಗಿ ಎಸ್‌ಎಸ್‌ಆರ್‌ಐ ಗುಂಪಿನದು ಕೊಡುತ್ತಾರೆ. ಅದಕ್ಕೆ ಚಟ ಹತ್ತುವುದಿಲ್ಲ, ಆದರೆ ಗುಣ ಕಾಣಲು ಕೆಲವು ವಾರ ಬೇಕು, ಬಿಡುವಾಗ ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಬಿಡಬೇಕು. ನಿಮ್ಮ ವಯಸ್ಸಿನವರಿಗೆ ಶುರುವಿನ ವಾರಗಳಲ್ಲಿ ಮನಸ್ಸು ಇನ್ನಷ್ಟು ಕೆಟ್ಟದ್ದನ್ನು ಯೋಚಿಸಿದರೆ ಕೂಡಲೇ ಡಾಕ್ಟರಿಗೆ ತಿಳಿಸಬೇಕು, ಮನೆಯವರೂ ಕಣ್ಣಿಟ್ಟಿರಬೇಕು. ಚಟ ಹತ್ತಿಸುವುದು ಬೇರೆ ಜಾತಿಯ ಮಾತ್ರೆ, ಕೂಡಲೇ ಮಂಪರು ತರಿಸುವಂಥದ್ದು. ಅತ್ತೆಗೆ ಬರೆದುಕೊಟ್ಟ ನಿದ್ದೆ ಮಾತ್ರೆಯಲ್ಲಿ ಅರ್ಧ ಮುರಿದು ತಗೊಳ್ಳುವುದು ಬೇಡವೇ ಬೇಡ.

ಇದು ಪೂರ್ತಿ ಹೋಗುತ್ತಾ ಮೇಡಂ?

ಬಹಳ ಜನಕ್ಕೆ ಹೋಗುತ್ತದೆ. ಕೆಲವರಿಗೆ ವರ್ಷಕ್ಕೊಮ್ಮೆ ಮುಖ ತೋರಿಸಿ ಹೋಗುತ್ತದೆ. ನಾನು ಎರಡನೇ ಗುಂಪು. ಕಳೆದ ವರ್ಷ ಒಂದು ಮದುವೆ ಛತ್ರದಲ್ಲಿ, ಪಂಕ್ತಿಯ ನಟ್ಟನಡುವೆ ಕೂತಿದ್ದೆ, ಆ ಕಡೆ ಈ ಕಡೆ ಏಳುವ ಹಾಗಿಲ್ಲ. ಸಾರು ಬಡಿಸುವಾಗ ಎದೆ ಶುರುಮಾಡಿತು. ಪಾದ ನೆಲಕ್ಕೆ ಒತ್ತಿಕೊಂಡೆ, ಎಲೆಯ ತುದಿಯ ಉಪ್ಪು, ಕೋಸಂಬರಿ, ಪಲ್ಯ ಅಂತ ಒಂದೊಂದೇ ನೋಡುತ್ತಾ ಉಸಿರು ಬಿಟ್ಟೆ. ಹೋಳಿಗೆ ಬಂದಾಗ ಕೈ ಇನ್ನೂ ನಡುಗುತ್ತಿತ್ತು, ತುಪ್ಪ ಹಾಕಿಸಿಕೊಂಡೆ. ಮಜ್ಜಿಗೆ ಬರುವ ಹೊತ್ತಿಗೆ ಇಳಿದಿತ್ತು. ಪಕ್ಕದಲ್ಲಿದ್ದ ಚಿಕ್ಕಮ್ಮ "ಯಾಕೇ, ಇವತ್ತು ಇಷ್ಟು ನಿಧಾನಕ್ಕೆ ಊಟ ಮಾಡ್ತಿದ್ದೀಯ?" ಅಂದರು.